ಪದ ಬೇಕು: "ಸರ್ವಿಸ್ ಡಿಸೇಬಲ್ಡ್ ವೆಟರನ್" (ನಾಳೆಯೇ ಬ್ಯಾನರ್ ಪ್ರಿಂಟ್)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಮೇಳಕ್ಕೆ ಒಂದು ಬ್ಯಾನರ್ ಬೇಕು. ಸೇನೆಯಲ್ಲಿದ್ದಾಗ ಗಾಯವೋ ಕಾಯಿಲೆಯೋ ಆಗಿ, ಆಮೇಲೆ ಸಣ್ಣ ಕಂಪನಿ ನಡೆಸುವವರಿಗೆ ಇಲ್ಲಿನ ಸರ್ಕಾರ ಕೆಲವು ಟೆಂಡರ್ ಎತ್ತಿಡುತ್ತದೆ. 2003ರ ಕಾನೂನಿನಿಂದ ಬಂದ ಪದ್ಧತಿ. ಕನಿಷ್ಠ ಶೇ 51 ಪಾಲು ಅವರದ್ದಿರಬೇಕು, ವ್ಯವಹಾರವೂ ಅವರ ಕೈಯಲ್ಲೇ ಇರಬೇಕು. "ಅಂಗವಿಕಲ ನಿವೃತ್ತ ಯೋಧರ ಮೀಸಲಾತಿ ಗುತ್ತಿಗೆ" ಅಂತ ಬರೆದಿದ್ದೇನೆ. ಸರಿಯಾ?

ಉತ್ತರ 1:
ಸರಿಯಿಲ್ಲ. ನಾಲ್ಕು ವರ್ಷ ಇದ್ದು ಬಿಟ್ಟು ಬಂದವರೂ ವೆಟರನ್ನೇ, ಪಿಂಚಣಿ ಬರಬೇಕೆಂದಿಲ್ಲ. "ನಿವೃತ್ತ" ತೆಗೆಯಿರಿ, "ಮಾಜಿ ಸೈನಿಕ" ಸಾಕು. "ಅಂಗವಿಕಲ" ಅಂದರೆ ಜನ ಕೈಕಾಲು ನೋಡುತ್ತಾರೆ. ಗುಂಡಿನ ಸದ್ದಿಗೆ ಕಿವಿ ಮಂದವಾದವರು, ಯುದ್ಧದಿಂದ ಬಂದ ಮೇಲೆ ನಿದ್ದೆಯೇ ಹತ್ತದವರು ಎಲ್ಲಿ ಹೋಗಬೇಕು? ತೊಂದರೆ ಸೇವೆಯಿಂದಲೇ ಬಂದದ್ದೆಂದು ಸರ್ಕಾರ ಒಪ್ಪಿದ್ದರೆ, ಅದರ ತೀವ್ರತೆಗೆ ಕೊಟ್ಟ ರೇಟಿಂಗ್ ಶೇ 0 ಇದ್ದವರಿಗೂ ಅರ್ಹತೆ ಇದೆ. ಆದರೆ ಸೇನೆ ಬಿಟ್ಟ ಮೇಲೆ ಬೈಕಿಂದ ಬಿದ್ದವರಿಗೆ ಇಲ್ಲ. ಹಾಗಾಗಿ "ಸೇನಾ ಸೇವೆಯಲ್ಲಿ ಊನಗೊಂಡ". ದಯವಿಟ್ಟು "ವಿಕಲಚೇತನ" ಹಾಕಬೇಡಿ. ಅವರ ಚೇತನಕ್ಕೆ ಏನಾಗಿದೆ? ಊನ ಅಚ್ಚಗನ್ನಡ, ಅದೇ ಇರಲಿ.

ಉತ್ತರ 2:
ಊನ ಅಚ್ಚಗನ್ನಡ ಅಲ್ಲವೇ ಅಲ್ಲ. ಸಂಸ್ಕೃತ. "ನ್ಯೂನ"ದಲ್ಲಿ ಇರುವುದೂ ಅದೇ. "ಮಾಜಿ" ಅರಬ್ಬಿಯಿಂದ ಬಂದದ್ದು. ಕನ್ನಡದ್ದೇ ಬೇಕೆಂದರೆ ಈ ಸಾಲಿನಲ್ಲಿ ಮೀಸಲು ಇದೆ, ಗುತ್ತಿಗೆ ಇದೆ. ದೇವರಿಗೆಂದು ಬೇರೆ ತೆಗೆದಿಟ್ಟದ್ದು ಮೀಸಲು, ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಈ ಟೆಂಡರಿಗೂ ಬೇರೆಯವರು ಬಿಡ್ ಹಾಕುವ ಹಾಗಿಲ್ಲ. "ಮೀಸಲಾತಿ" ಬೇಡ.

ಉತ್ತರ 1:
ಮೀಸಲಾತಿ ಯಾಕೆ ಬೇಡ? ಕರ್ನಾಟಕದ ಸರ್ಕಾರಿ ಖರೀದಿ, ಟೆಂಡರ್‌ಗಳ ಕೆಟಿಪಿಪಿ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಕೊಟ್ಟದ್ದನ್ನು ಪತ್ರಿಕೆಗಳು "ಗುತ್ತಿಗೆಯಲ್ಲಿ ಮೀಸಲಾತಿ" ಅಂತಲೇ ಬರೆಯುತ್ತವೆ. ಓದುವವರಿಗೆ ಗೊತ್ತಿರುವ ಮಾತು.

ಉತ್ತರ 2:
ಗೊತ್ತಿರುವುದೇ ತೊಂದರೆ. ಮೀಸಲಾತಿ ಅಂದ ಕೂಡಲೇ ಹಕ್ಕಿನ ಪಾಲು ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿರುವುದು ಸರ್ಕಾರ ಇಟ್ಟುಕೊಂಡ ಗುರಿ. ಮೊದಲು ಗುತ್ತಿಗೆ ಹಣದಲ್ಲಿ ಶೇ 3 ಇತ್ತು, ಈಗ ಶೇ 5. ಗುರಿ ಮುಟ್ಟದಿದ್ದರೆ ಯಾರೂ ಪಾಲು ಕೇಳೋಕಾಗಲ್ಲ. ಬ್ಯಾನರ್ ನೋಡಿ ಸುಮ್ನೆ ಆಸೆ ಇಟ್ಟುಕೊಂಡು ಬರುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ.

ಉತ್ತರ 3:
ಮೀಸಲಿಗೆ ನನ್ನದೂ ಒಪ್ಪಿಗೆ. ಆದರೆ ಮಾಜಿ ಅರಬ್ಬಿ, ಊನ ಸಂಸ್ಕೃತ ಅಂತ ಗಡಿ ಕಾಯುವುದು ಬಿಡಿ. ಊರೂರಲ್ಲಿ ಮಾಜಿ ಸೈನಿಕರ ಸಂಘಗಳಿವೆ, ಬೋರ್ಡಿನ ಮೇಲೆ ಅದೇ ಪದ ಇದೆ. ಹಳ್ಳಿಯ ಕಂಟ್ರಾಕ್ಟರೂ ಟೆಂಡರ್ ಅಂತಲೇ ಹೇಳುತ್ತಾನೆ. ಅದಕ್ಕೊಂದು ಹೊಸ ಪದ ಕಟ್ಟಿದರೆ ಅರ್ಜಿ ಹಾಕಬೇಕಾದವರಿಗೇ ತಿಳಿಯಲ್ಲ.

ಉತ್ತರ 2:
ತಿಳಿಯಲ್ಲ ಅಂತಲೇ ಅರ್ಧ ಕನ್ನಡ ಕಳೆದುಕೊಂಡಿದ್ದೇವೆ.

ಕೇಳಿದವರು:
ಎಲ್ಲರಿಗೂ ವಂದನೆ. "ಸೇನಾ ಸೇವೆಯಲ್ಲಿ ಊನಗೊಂಡ ಮಾಜಿ ಸೈನಿಕರ ಸಣ್ಣ ಉದ್ದಿಮೆಗಳಿಗೆ ಮೀಸಲು ಟೆಂಡರ್" ಅಂತ ಪ್ರೆಸ್ಸಿಗೆ ಕಳಿಸುತ್ತಿದ್ದೇನೆ. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: "ಪ್ರಮಾಣಪತ್ರಕ್ಕೆ ಎಸ್‌ಬಿಎಗೆ (ಸಣ್ಣ ಉದ್ದಿಮೆಗಳ ಸರ್ಕಾರಿ ಸಂಸ್ಥೆ) ಅರ್ಜಿ ಹಾಕಿ. 2023ರಿಂದ ಈ ಕೆಲಸ ವಿಎ (ಮಾಜಿ ಸೈನಿಕರ) ಇಲಾಖೆಯಲ್ಲಿಲ್ಲ."