ಅಪ್‌ಡೇಟ್: ಕಸೂತಿ ಪುಸ್ತಕ ಕೊಂಡೆ, ಬಟ್ಟೆಯ ಹಿಂಬದಿಯೂ ಸರಿಹೋಯಿತು

ಕಸೂತಿ ಕಲಿಯಲು ಬಣ್ಣದ ಫೋಟೊಗಳಿರುವ ದಪ್ಪ ಪುಸ್ತಕ ಕೊಳ್ಳಲೇ, ಚೌಕಳಿ ನಕ್ಷೆಗಳಷ್ಟೇ ಇರುವ ತೆಳ್ಳನೆಯದನ್ನು ಕೊಳ್ಳಲೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ನಕ್ಷೆಯದೇ ಸಾಕು ಎಂದವರಿಗೆ ನಮಸ್ಕಾರ. ನಾನು ಹಟಕ್ಕೆ ಬಿದ್ದು ಎರಡನ್ನೂ ಕೊಂಡೆ. ದಪ್ಪನೆಯದು ಈಗ ಟೀಪಾಯಿಯ ಮೇಲೆ ಅಲಂಕಾರಕ್ಕಿದೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯಬೇಕು, ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬಬೇಕು. ಆಗಲೇ ಎರಡೂ ಬದಿ ಒಂದೇ ಥರ ಕಾಣುವುದು. ನಾನು ಸಿಕ್ಕಿಬಿದ್ದದ್ದು ಗೋಪುರ ವಿನ್ಯಾಸದ ಕವಲುಗಳಲ್ಲಿ. ಕವಲಿನ ತುದಿ ಮುಟ್ಟಿದ ದಾರ ಮರಳುವ ದಾರಿ ಕಾಣದೆ ಹಿಂಬದಿಯಲ್ಲಿ ಅಡ್ಡಾದಿಡ್ಡಿ ಹಾಯುತ್ತಿತ್ತು. ಪುಸ್ತಕದಲ್ಲಿ ಮುಗಿದ ಆಕಾರವಿದೆ, ಸೂಜಿ ಹೋಗುವ ಕ್ರಮವಿಲ್ಲ! ಕೊನೆಗೆ ಮಗಳ ಗ್ರಾಫ್ ಪುಸ್ತಕದಲ್ಲಿ ಗೋಪುರ ಬರೆದು ಪ್ರತಿ ಹೊಲಿಗೆಗೂ ಪೆನ್ಸಿಲಿನಿಂದ ಸಂಖ್ಯೆ ಹಾಕಿದೆ: ಕವಲು ಎದುರಾದಲ್ಲೇ ಅದರ ತುದಿಗೆ ಹೋಗಿ, ತುಂಬುತ್ತಾ ಹಿಂದಿರುಗಿ, ಆಮೇಲೆ ಮುಂದಕ್ಕೆ.

ಅಂಕುಡೊಂಕಾಗಿ ಸಾಗುವ ಮುರಗಿ ಹೊಲಿಗೆಯೂ ಇದರಿಂದಲೇ ಸುಲಭವಾಯಿತು. ನೇಯ್ದಂತೆ ಕಾಣುವ ನೇಗಿ, ಅಡ್ಡಹೊಲಿಗೆಯ ಮೆಂತಿ ಇನ್ನೂ ಮುಟ್ಟಿಲ್ಲ.

ಧಾರವಾಡದಿಂದ ಬಂದಿದ್ದ ಅತ್ತೆ ಮುಂಭಾಗ ನೋಡಲೇ ಇಲ್ಲ. ಬಟ್ಟೆ ಮಗುಚಿ, ಉಗುರಿನಿಂದ ಹೊಲಿಗೆ ಎಣಿಸಿ, “ಇಲ್ಲೊಂದು ಎಳೆ ತಪ್ಪಿದೆ. ಇರಲಿ, ಇನ್ನು ತೇರಿನ ವಿನ್ಯಾಸಕ್ಕೆ ಕೈ ಹಾಕು. ಆದರೆ ಮ್ಯಾಟಿ ಬಟ್ಟೆಯ ಮೇಲೆಯೇ, ನನ್ನ ಇಳಕಲ್ ಸೀರೆಯ ತಂಟೆಗೆ ಬರಬೇಡ” ಎಂದರು.