ಕುಡಿಯದವರಿಗೂ ಪ್ಯಾಂಕ್ರಿಯಾಟೈಟಿಸ್ ಬರುತ್ತಾ?

ಹಾಸನದಿಂದ: ನಮ್ಮ ಭಾವ ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದಿದ್ದಾರೆ. ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಊತವಂತೆ. ಅವರು ಒಂದು ತೊಟ್ಟೂ ಕುಡಿಯುವವರಲ್ಲ. ನೆಂಟರು ಮಾತ್ರ ‘ಗುಟ್ಟಾಗಿ ಕುಡೀತಿರಬೇಕು’ ಅಂತಿದ್ದಾರೆ. ಬೇರೆ ಕಾರಣ ಇರುತ್ತಾ? ಮತ್ತೆ ಬಂದರೆ ಗೊತ್ತಾಗೋದು ಹೇಗೆ?

ಮೈಸೂರಿನಿಂದ: ಮೊದಲು ಆ ನೆಂಟರ ಬಾಯಿ ಮುಚ್ಚಿಸಿ! ನಮ್ಮ ಅಮ್ಮ ಕಾಫಿ ಬಿಟ್ಟರೆ ಬೇರೇನೂ ಕುಡಿದವರಲ್ಲ. ಅವರಿಗೂ ಬಂದಿತ್ತು. ಕಾರಣ ಪಿತ್ತಕೋಶದ ಕಲ್ಲು. ಸಣ್ಣ ಕಲ್ಲು ಜಾರಿ ಬಂದು ಪಿತ್ತನಾಳದ ತುದಿಯಲ್ಲಿ ಸಿಕ್ಕಿಕೊಳ್ಳುತ್ತೆ. ಪ್ಯಾಂಕ್ರಿಯಾಸಿನ ರಸ ಕರುಳಿಗೆ ಇಳಿಯುವುದೂ ಅಲ್ಲೇ. ದಾರಿ ಕಟ್ಟಿದರೆ ಊಟ ಅರಗಿಸಬೇಕಾದ ರಸ ಗ್ರಂಥಿಯನ್ನೇ ಅರಗಿಸೋಕೆ ಶುರು ಮಾಡುತ್ತೆ. ಅಮ್ಮನಿಗೆ ಮೇಲ್ಹೊಟ್ಟೆಯಲ್ಲಿ ಹುಟ್ಟಿದ ನೋವು ಸೀದಾ ಬೆನ್ನಿಗೆ ಹೊಡೆಯುತ್ತಿತ್ತು. ಮಲಗಿದರೆ ಜಾಸ್ತಿ. ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತರೆ ಕೊಂಚ ಹಗುರ. ವಾಂತಿ ಆದರೂ ನೋವು ಇಳಿಯಲಿಲ್ಲ. ಕಲ್ಲೇ ಕಾರಣ ಅಂತಾದರೆ ಪಿತ್ತಕೋಶ ತೆಗೆಸುವುದನ್ನು ಸುಮ್ನೆ ಮುಂದೂಡಬೇಡಿ, ಮತ್ತೆ ಬರುತ್ತೆ.

ದಾವಣಗೆರೆಯಿಂದ: ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ರಕ್ತವನ್ನು ಯಂತ್ರದಲ್ಲಿಟ್ಟು ಜೋರಾಗಿ ತಿರುಗಿಸಿದ ಮೇಲೆ ಟ್ಯೂಬಿನಲ್ಲಿ ಮೇಲೆ ನಿಲ್ಲುವ ಸೀರಂ ತಿಳಿ ಹಳದಿ ಇರಬೇಕು. ಕೆಲವರದ್ದು ಹಾಲಿನ ಹಾಗೆ ಬೆಳ್ಳಗಿರುತ್ತೆ. ಅದು ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು. ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದರೆ ಅದೊಂದೇ ಈ ಕಾಯಿಲೆ ತರಿಸಬಹುದು, ಶುಗರ್ ಹತೋಟಿಯಲ್ಲಿ ಇಲ್ಲದವರಲ್ಲಿ ಮುಖ್ಯವಾಗಿ. ಆಸ್ಪತ್ರೆಯಲ್ಲಿ ಊಟ ನಿಲ್ಲಿಸಿದರೆ ಬೇಗ ಇಳಿದುಬಿಡುತ್ತೆ, ಹಾಗಾಗಿ ಸೇರಿದ ದಿನದ ರಿಪೋರ್ಟೇ ನೋಡಿ. ಕ್ಯಾಲ್ಸಿಯಂ ಜಾಸ್ತಿ ಇದ್ದರೂ, ಕೆಲವು ಮಾತ್ರೆಗಳಿಂದಲೂ ಬರುತ್ತೆ. ರಕ್ತದಲ್ಲಿ ಲೈಪೇಸ್, ಅಂದರೆ ಕೊಬ್ಬು ಅರಗಿಸೋಕೆ ಪ್ಯಾಂಕ್ರಿಯಾಸ್ ಮಾಡುವ ಎಂಜೈಮ್, ಮಾಮೂಲಿಗಿಂತ 3 ಪಟ್ಟು ದಾಟಿದ್ದರೆ ಪ್ಯಾಂಕ್ರಿಯಾಟೈಟಿಸ್ ಕಡೆಗೆ ಬೆರಳು ತೋರಿಸುತ್ತೆ. ಆದರೆ ಅಂಕಿ ದೊಡ್ಡದಾದಷ್ಟೂ ಕಾಯಿಲೆ ದೊಡ್ಡದು ಅಂತೇನಿಲ್ಲ.

ಮಂಗಳೂರಿನಿಂದ: ನಮ್ಮ ದೊಡ್ಡಪ್ಪನದು ಕುಡಿತದ್ದೇ, ಜೊತೆಗೆ ಸಿಗರೇಟು. ಪದೇ ಪದೇ ಬಂದು ಗ್ರಂಥಿ ಸವೆದುಹೋಯಿತು. ಈಗ ತೂಕ ಇಳಿದಿದೆ. ಮಲ ಜಿಡ್ಡುಜಿಡ್ಡಾಗಿ ನೀರಲ್ಲಿ ತೇಲುತ್ತೆ, ವಿಪರೀತ ವಾಸನೆ. ಶುಗರೂ ಬಂದಿದೆ. ಊಟ ಅರಗಲಿ ಅಂತ ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್ ತಗೋತಾರೆ. ಭಾವನವರಿಗೆ ನೋವಿನ ಜೊತೆ ಜ್ವರ, ಏದುಸಿರು, ಕಣ್ಣು ಹಳದಿ, ಮೂತ್ರ ಕಡಿಮೆ, ಯಾವುದು ಕಂಡರೂ ಮಧ್ಯರಾತ್ರಿಯಾದರೂ ಹೊರಡಿ.

ಹಾಸನದಿಂದ: ಫೈಲ್ ತೆಗೆದು ನೋಡಿದೆ. ಟ್ರೈಗ್ಲಿಸರೈಡ್ ಸರಿಯಾಗಿದೆ. ಸ್ಕ್ಯಾನಿಂಗ್‌ನಲ್ಲಿ ‘ಗ್ಯಾಸ್ ಜಾಸ್ತಿ, ಪಿತ್ತಕೋಶ ಸ್ಪಷ್ಟವಾಗಿ ಕಾಣುತ್ತಿಲ್ಲ’ ಅಂತ ಬರೆದಿದ್ದಾರೆ.

ಮೈಸೂರಿನಿಂದ: ಹಾಗಾದರೆ ಕಲ್ಲು ಇಲ್ಲ ಅಂತ ಯಾರೂ ಹೇಳಿಲ್ಲ, ಅಲ್ವಾ? ಡಾಕ್ಟರನ್ನು ಕೇಳಿ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ.