ಮೊದಲ ಹಳೇ ವಾಚು: ಜನತಾನಾ, ಪೈಲಟ್ಟಾ? ಮುಂದಕ್ಕೆ ಕನಸು ಯಾವುದು?

ಜಯನಗರ_ಕೀಲಿ:
ಎಲ್ಲರಿಗೂ ನಮಸ್ಕಾರ. ಕೀ ಕೊಡುವ ಹಳೇ ವಾಚುಗಳ ಸಂಗ್ರಹ ಶುರು ಮಾಡಬೇಕು ಅಂತಿದೀನಿ. ಮೊದಲನೇದು ನಮ್ಮೂರಿನ ಎಚ್‌ಎಂಟಿನೇ ಆಗಬೇಕು. ಜನತಾ, ಪೈಲಟ್, ಸೋನಾ, ಈ ಮೂರರಲ್ಲಿ ಯಾವುದು ಸರಿ? ಆನ್‌ಲೈನ್‌ನಲ್ಲಿ ಕಿತ್ತಳೆ, ಆಕಾಶನೀಲಿ ಡಯಲ್‌ನ ಪೈಲಟ್‌ಗಳು ಫಳಫಳ ಹೊಳೀತಾ ಕಡಿಮೆ ಬೆಲೆಗೆ ಸಿಗ್ತಿವೆ. ನಂಬಬಹುದಾ? ಮುಂದೊಂದು ದಿನ ಜಪಾನಿನ ಸೀಕೊ 6139 ಇಲ್ಲವೇ ಸ್ವಿಸ್ ಒಮೆಗಾ ಸ್ಪೀಡ್‌ಮಾಸ್ಟರ್ ಕೊಳ್ಳೋ ಆಸೆ ಇದೆ. ನಿಮ್ಮ ನೆಚ್ಚಿನದು ಯಾವುದು, ಕನಸಿನದು ಯಾವುದು, ಕೈಗೆ ತಗೊಂಡಾಗ ಏನೇನು ನೋಡಬೇಕು, ಬಿಡಿಸಿ ಹೇಳಿ.

ಮಲ್ಲೇಶ್ವರ_ಲೂಪ್:
ಕಣ್ಣು ಮುಚ್ಚಿ ಜನತಾ ತಗೊಳ್ಳಿ. ಒಳಗಿರೋದು 0231 ಮಿಷಿನು: 17 ಜ್ಯೂವೆಲ್ (ಸವೆತ ತಡೆಯೋ ಪುಟ್ಟ ಕಲ್ಲು), ಗಂಟೆಗೆ 18,000 ಬಡಿತ. 1961ರಲ್ಲಿ ಎಚ್‌ಎಂಟಿ ಇಲ್ಲಿ ವಾಚು ಕಾರ್ಖಾನೆ ಶುರು ಮಾಡಿದ್ದೇ ಜಪಾನಿನ ಸಿಟಿಜನ್ ಸಹಯೋಗದಲ್ಲಿ, ಈ ಮಿಷಿನಿನ ಮೂಲವೂ ಸಿಟಿಜನ್ನೇ. ಲೆಕ್ಕವಿಲ್ಲದಷ್ಟು ತಯಾರಾಗಿರೋದರಿಂದ ಕೆಟ್ಟುಹೋದ ಇನ್ನೊಂದು ವಾಚಿನಿಂದ ಬಿಡಿಭಾಗ ಕಿತ್ತು ಹಾಕಿಸಬಹುದು. ಎಚ್‌ಎಂಟಿಯ ವಾಚು ಕಂಪನಿ ಮುಚ್ಚಿದ ಮೇಲೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಪೈಲಟ್ ಚೆಲುವಾದ ವಾಚು, ಒಪ್ತೀನಿ. ಆದರೆ ಬೇಡಿಕೆ ಜಾಸ್ತಿ ಆಗಿ ಅತಿ ಹೆಚ್ಚು ಕಲಬೆರಕೆ ಆಗಿರೋದೂ ಅದೇ. ನೀವು ನೋಡಿದ ಬಣ್ಣಬಣ್ಣದವು ಹಳೇ ಡಯಲ್ ಕೆರೆದು ಹೊಸದಾಗಿ ಪ್ರಿಂಟ್ ಹಾಕಿದವು, ಇದಕ್ಕೇ ರೀಡಯಲ್ ಅನ್ನೋದು. ಅವನ್ನ ಬಿಟ್ಟುಬಿಡಿ.

ಕಪ್ಪು ಡಯಲ್ ಇದ್ದರೂ 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಕಣ್ಣಿಗೆ ಹಿಡಿಯೋ ಭೂತಗನ್ನಡಿ) ಹಿಡಿದು ನೋಡಿ. ಅಸಲಿ ಪ್ರಿಂಟಿನ ಅಕ್ಷರದ ಅಂಚು ಚೂಪಾಗಿರುತ್ತೆ, ರೀಡಯಲ್‌ನಲ್ಲಿ ಶಾಯಿ ಹರಡಿ ಅಕ್ಷರ ದಪ್ಪ ಆಗಿರುತ್ತೆ. ನಿಮಿಷದ ಗೆರೆಗಳ ಸುತ್ತು ಡಯಲ್ ಅಂಚಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿದೆಯಾ ನೋಡಿ, 6ರ ಹತ್ತಿರ ಒತ್ತಿಕೊಂಡು 12ರ ಹತ್ತಿರ ಅಗಲ ಬಿಟ್ಟಿದ್ದರೆ ಕೈಕೆಲಸ ಅಂತಲೇ ಅರ್ಥ. ಸೆಕೆಂಡು ಮುಳ್ಳು ಆ ಸುತ್ತನ್ನ ಮುಟ್ಟಬೇಕು. ಕುಳ್ಳಗಿದ್ದರೆ ಬೇರೆ ವಾಚಿನದು. ಡಯಲ್ ಮೇಲಿನ, ಕತ್ತಲಲ್ಲಿ ಹೊಳೆಯೋ ಬಣ್ಣ ಹಳದಿಗೆ ತಿರುಗಿದ್ದು ಮುಳ್ಳಿನ ಮೇಲಿನದು ಹಾಲಿನಂತೆ ಬೆಳ್ಳಗಿದ್ದರೆ, ಎರಡರಲ್ಲಿ ಒಂದು ಆಮೇಲೆ ಬಂದದ್ದು. ಕೊಳ್ಳೋಕೆ ಮುಂಚೆ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಹೋಗಿ ಅಸಲಿ ಡಯಲ್‌ಗಳನ್ನ ಕಣ್ತುಂಬ ನೋಡಿ ಬನ್ನಿ. ಕಣ್ಣು ಪಳಗದೆ ಚಿಕ್ಕಪೇಟೆ ಸಂಡೇ ಬಜಾರ್‌ಗೆ ಇಳಿಯಬೇಡಿ.

ಬ್ಯಾಲೆನ್ಸ್_ವೀಲ್:
ಡಯಲ್ ವಿಷಯ ಲೂಪ್ ಸರ್ ಹೇಳಿದ್ದಾರೆ, ನಾನು ಮಿಷಿನಿನ ಬಗ್ಗೆ ಹೇಳ್ತೀನಿ. ನಿಂತ ವಾಚಿಗೆ ನಾಲ್ಕೈದು ಸುತ್ತು ಕೀ ಕೊಡಿ, ಅಲ್ಲಾಡಿಸದೆ ತಾನೇ ಹೊರಡಬೇಕು. ಅಲ್ಲಾಡಿಸಿದರೆ ಮಾತ್ರ ಓಡೋದಾದರೆ ಎಣ್ಣೆ ಒಣಗಿದೆ, ಇಲ್ಲವೇ ಬ್ಯಾಲೆನ್ಸ್ (ಅತ್ತಿತ್ತ ತೂಗೋ ಚಕ್ರ) ಪಿವಟ್, ಅಂದರೆ ಅಚ್ಚಿನ ಮೊನೆ, ಸವೆದಿದೆ. ಕೀ ಎಷ್ಟು ತಿರುಗಿಸಿದರೂ ತುಂಬದೆ ಜಾರ್ತಾ ಇದ್ದರೆ ವಾಚನ್ನ ಓಡಿಸೋ ಮೇನ್‌ಸ್ಪ್ರಿಂಗ್ ತುಂಡಾಗಿರುತ್ತೆ, ಅದು ಸುಲಭದ ರಿಪೇರಿ. ಆದರೆ ಹಿಂದಿನ ಮುಚ್ಚಳ ತೆಗೆದಾಗ ಕೀ ಕಡ್ಡಿಯ ಸುತ್ತ ತುಕ್ಕು ಕಂಡರೆ ವಾಪಸ್ ಕೊಟ್ಟುಬಿಡಿ. ನೀರು ಒಳಗೆ ಹೋಗೋದೇ ಆ ದಾರಿಯಲ್ಲಿ.

ಟೈಮ್‌ಗ್ರಾಫರ್ (ಬಡಿತ ಕೇಳಿ ವಾಚಿನ ಓಟ ಅಳೆಯೋ ಯಂತ್ರ) ಇರೋ ಅಂಗಡಿಯಾದರೆ ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖ ಇಟ್ಟು ನೋಡಿಸಿ. ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ತೂಗೋ ಅಳತೆ, 250 ಡಿಗ್ರಿ ದಾಟಿದರೆ ಆರೋಗ್ಯ ಚೆನ್ನಾಗಿದೆ, 200ಕ್ಕೆ ಇಳಿದಿದ್ದರೆ ಸರ್ವಿಸ್ ಖರ್ಚು ಬೆಲೆಯಲ್ಲಿ ಕಳೆದು ಮಾತಾಡಿ. ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡ್ತಿದ್ದರೆ ಗಾಬರಿ ಬೇಡ. ಸ್ಪೀಕರ್, ಮೊಬೈಲ್ ಕವರ್‌ನ ಅಯಸ್ಕಾಂತದಿಂದ ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸ್ ಮೇಲಿನ ಕೂದಲೆಳೆ ಸ್ಪ್ರಿಂಗು) ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಕಾಂತತೆ ತೆಗೆಯೋ ಡೀಮ್ಯಾಗ್ನೆಟೈಸರ್ ಮೇಲೆ ಅರೆಕ್ಷಣದ ಕೆಲಸ.

ಸರ್ವಿಸ್ ಅಂದರೆ ಏನು ಅಂತ ಮೊದಲೇ ಕೇಳಿ. ಇಡೀ ಮಿಷಿನನ್ನ ಬಿಚ್ಚದೆ ಪೆಟ್ರೋಲ್‌ನಲ್ಲಿ ಅದ್ದಿ ತೆಗೆಯೋದು ಸರ್ವಿಸ್ ಅಲ್ಲ. ಬ್ಯಾರೆಲ್ (ಮೇನ್‌ಸ್ಪ್ರಿಂಗ್ ಇರೋ ಡಬ್ಬಿ) ಒಳಗಿನ ಗ್ರೀಸ್ ಹಾಗೇ ಉಳಿಯುತ್ತೆ, ಕರಗಿದ ಅಂಟು ಪಿವಟ್‌ಗಳಿಗೆ ಹೋಗಿ ಕೂರುತ್ತೆ, ಕೆಲವೇ ತಿಂಗಳಲ್ಲಿ ಮತ್ತೆ ನಿಲ್ಲುತ್ತೆ. ಪೂರ್ತಿ ಬಿಚ್ಚಿಸಿ. ವೇಗದ ಚಕ್ರಗಳ ಪಿವಟ್‌ಗೆ ಮೀಬಿಯಸ್ ವಾಚೆಣ್ಣೆಯ 9010, ಪ್ಯಾಲೆಟ್ (ಚಕ್ರದ ಹಲ್ಲನ್ನ ತಡೆದು ಬಿಡೋ ಕವಲು) ಕಲ್ಲಿಗೆ ಅದೇ ಮೀಬಿಯಸ್‌ನ 9415, ಕೀ ಭಾಗಕ್ಕೆ ಗಟ್ಟಿ ಎಣ್ಣೆ. ಪ್ಯಾಲೆಟ್ ಫೋರ್ಕಿನ ಪಿವಟ್‌ಗೆ ಏನೂ ಹಾಕಬಾರದು. ಅಲ್ಲಿ ಎಣ್ಣೆ ಬಿಟ್ಟರೆ ಫೋರ್ಕ್ ಭಾರವಾಗಿ ಆಂಪ್ಲಿಟ್ಯೂಡ್ ಬೀಳುತ್ತೆ.

ಬಸವನಗುಡಿ_1969:
ಕನಸಿನ ವಾಚಿನ ವಿಷಯಕ್ಕೆ ಬರ್ತೀನಿ. 6139 ನನ್ನ ಮಟ್ಟಿಗೆ ಸ್ಪೀಡ್‌ಮಾಸ್ಟರ್‌ಗಿಂತ ಹೆಚ್ಚು ಪ್ರೀತಿಯದು. 1969ರಲ್ಲೇ ಆಟೊಮ್ಯಾಟಿಕ್ ಕ್ರೊನೊಗ್ರಾಫ್ (ಸ್ಟಾಪ್‌ವಾಚ್ ಇರೋ ವಾಚು), ಅದನ್ನ ನಿಯಂತ್ರಿಸೋ ಕಾಲಮ್ ವೀಲ್, ಮುಳ್ಳನ್ನ ಜೋಡಿಸಿ ಬಿಡಿಸೋ ವರ್ಟಿಕಲ್ ಕ್ಲಚ್ ಎಲ್ಲ ಒಂದೇ ಕೇಸಿನಲ್ಲಿ! ಮೇಲಿನ ಗುಂಡಿ ಒತ್ತಿದರೆ ಸೆಕೆಂಡು ಮುಳ್ಳು ನಡುಗದೆ ಹೊರಡಬೇಕು, ಕೆಳಗಿನದು ಒತ್ತಿದರೆ ಸರಿಯಾಗಿ 12ಕ್ಕೆ ಬಂದು ನಿಲ್ಲಬೇಕು. ಹಿಂಬದಿಯ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷ, ಎರಡನೇದು ತಿಂಗಳು. 4ರಿಂದ ಶುರುವಾದರೆ 1974. ಅಂಥದ್ದರ ಡಯಲ್ ಮೇಲೆ ‘ವಾಟರ್ ಪ್ರೂಫ್’ ಅಂತಿದ್ದರೆ ಅನುಮಾನಪಡಿ, ಅಷ್ಟೊತ್ತಿಗೆ ಅದು ‘ರೆಸಿಸ್ಟ್’ ಆಗಿತ್ತು. ಒಳಗಿನ ಬಣ್ಣದ ಉಂಗುರವನ್ನ ತಿರುಗಿಸೋ ಪ್ಲಾಸ್ಟಿಕ್ ಹಲ್ಲುಚಕ್ರ ಬಹಳಷ್ಟರಲ್ಲಿ ಮುರಿದಿರುತ್ತೆ, ಕೀ ತಿರುಗಿಸಿ ಪರೀಕ್ಷಿಸಿ.

ಸ್ಪೀಡ್‌ಮಾಸ್ಟರ್‌ನಲ್ಲಿ 321 ಮಿಷಿನು ಬೇಕು ಅಂದರೆ 105.012, 145.012 ಮಾಡೆಲ್ ನಂಬರಿನವು ಹುಡುಕಬೇಕು, ಬೆಲೆ ಆಕಾಶದಲ್ಲಿದೆ. 1968ರಿಂದ ಬಂದ 145.022ರಲ್ಲಿ 861 ಮಿಷಿನು ಇದೆ, ದಿನಾ ಕಟ್ಟೋಕೆ ಅದೇ ಗಟ್ಟಿ. ಹಳೇ ಬೆಜೆಲ್‌ನಲ್ಲಿ (ಗಾಜಿನ ಸುತ್ತಲ ಅಂಕಿಗಳ ಉಂಗುರ) ಚುಕ್ಕೆ 90ರ ಪಕ್ಕ ಅಲ್ಲ, ಮೇಲೆ ಇರುತ್ತೆ. ಎಷ್ಟೋ ವಾಚುಗಳಲ್ಲಿ ಬೆಜೆಲ್ ಬದಲಾಗಿರೋದು ಇಷ್ಟರಿಂದಲೇ ಗೊತ್ತಾಗುತ್ತೆ.

ಇವೆರಡಕ್ಕೂ ಮೊದಲು ಒಂದು ಫಾವರ್ ಲೂಬಾ ‘ಟ್ವಿನ್ ಪವರ್’ ನೋಡಿ. ಎರಡು ಬ್ಯಾರೆಲ್ ಇದ್ದೂ ಮಿಷಿನು 3 ಮಿ.ಮೀ. ಒಳಗೇ ಮುಗಿಯುತ್ತೆ. ನಮ್ಮಲ್ಲಿ ಇವಕ್ಕೂ ರೀಡಯಲ್ ಕಾಟ ವಿಪರೀತ.

ಜಯನಗರ_ಕೀಲಿ:
ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ವಂದನೆ. ಜನತಾನೇ ಖಾಯಂ. ಒಂದು ನೋಡಿಟ್ಟಿದೀನಿ, ಡಯಲ್ ಚೆನ್ನಾಗಿದೆ, ಗಾಜು ತುಂಬ ಗೀರಾಗಿದೆ, ಕೇಸಿನ ಕ್ರೋಮ್ ಅಲ್ಲಲ್ಲಿ ಎದ್ದಿದೆ. ಪಾಲಿಶ್ ಮಾಡಿಸಲಾ?

ಬ್ಯಾಲೆನ್ಸ್_ವೀಲ್:
ಗಾಜು ಅಕ್ರಿಲಿಕ್ಕು, ಮನೆಯಲ್ಲೇ ಆಗುತ್ತೆ. ಸುತ್ತಲೂ ಕೇಸಿಗೆ ಟೇಪ್ ಅಂಟಿಸಿ, ಆಳದ ಗೀರಿದ್ದರೆ ಮಾತ್ರ 2000 ನಂಬರಿನ ಉಜ್ಜುಕಾಗದ ಒದ್ದೆ ಮಾಡಿ ಹಗುರವಾಗಿ ಉಜ್ಜಿ, ಆಮೇಲೆ ಮೆತ್ತನೆ ಬಟ್ಟೆಗೆ ಬ್ರಾಸೊ ತಾಗಿಸಿ ನಾಲ್ಕೈದು ನಿಮಿಷ ಸುತ್ತುಸುತ್ತಾಗಿ ತಿಕ್ಕಿ. ಬಿರುಕು ಇದ್ದರೆ ಹೊಸ ಗಾಜೇ ಹಾಕಿಸಿ. ಕೇಸಿಗೆ ಮಾತ್ರ ಪಾಲಿಶ್ ಬೇಡ. ಅದು ಹಿತ್ತಾಳೆ ಮೇಲಿನ ಲೇಪ, ಬಫ್ ಹಿಡಿದರೆ ಉಳಿದ ಕ್ರೋಮೂ ಹೋಗಿ ಹಳದಿ ಕಾಣುತ್ತೆ, ಮೂಲೆಗಳೂ ಮೊಂಡಾಗುತ್ತವೆ. ಬೆವರು ತಾಗಿದ ದಿನ ಒಣಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು.

ಮಲ್ಲೇಶ್ವರ_ಲೂಪ್:
ಡಯಲ್ ಚೆನ್ನಾಗಿದ್ದರೆ ತಡ ಮಾಡಬೇಡಿ. ದುಡ್ಡು ಕೊಡೋಕೆ ಮುಂಚೆ ಹಿಂದಿನ ಮುಚ್ಚಳ ತೆಗೆಸಿ ಮಿಷಿನಿನ ಫೋಟೊ ಇಲ್ಲಿ ಹಾಕಿ, ನೋಡಿ ಹೇಳ್ತೀವಿ.